ಮುಂದಿನದು ಒಂದು

ಕಾರು ಇವತ್ತು ಶುರುವಾಗದಿದ್ದರೆ ಗ್ಯಾರೇಜಿನ ಬೀಗದ ಕೈ ತನ್ನ ಹತ್ತಿರವೇ ಇರುತ್ತದೆ ಎಂದು ತಮ್ಮ ತೌಸೀಫ್ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ. ಅಬ್ಬಾನಿಗೆ ಮರೆವು ಬಂದಿದೆ ಎನ್ನುವುದು ಅವನ ವಾದ. ಕಳೆದ ತಿಂಗಳು ಅಬ್ಬಾ ಶಾಲೆ ಮಕ್ಕಳ ಟೆಂಪೋ ಒಂದರ ಚಕ್ರಕ್ಕೆ ನಟ್ ಬಿಗಿಯದೆ ಕಳಿಸಿದ್ದರು. ಸಿರ್ಸಿ ಪೇಟೆ ದಾಟುವ ಮೊದಲೇ ಡ್ರೈವರ್ ನೋಡಿದ್ದರಿಂದ ಬಚಾವಾಯಿತು. ಯಾರ ಕೈಯಲ್ಲಾದರೂ ಒಂದು ತಪ್ಪಾಗುತ್ತದೆ ಎಂದು ನಾನು ಜಗಳಕ್ಕೇ ನಿಂತಿದ್ದೆ. ಊರಿಗೆಲ್ಲ ರಸೂಲ್ ಮಿಸ್ತ್ರಿ ಆಗಿರುವ ಅಬ್ಬಾನಿಂದ ಗ್ಯಾರೇಜ್ ಕಿತ್ತುಕೊಂಡರೆ ಇನ್ನೇನು ಉಳಿಯಿತು? ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರೇ ಅವರು.

ಕಾರು ಬಿಳಗಿಯ ಶಾಂಭವಿ ಅಮ್ಮನದು. ಹಳೇ ಜರ್ಮನ್ ಸ್ಪೋರ್ಟ್ಸ್ ಕಾರು. ರೇಡಿಯೇಟರ್ ಇಲ್ಲ, ನೀರಿಲ್ಲ. ಗಾಳಿಯಲ್ಲೇ ತಣಿಯುವ ಇಂಜಿನ್, ಅದೂ ಡಿಕ್ಕಿ ಇರಬೇಕಾದ ಜಾಗದಲ್ಲಿ. ಅವರು ಮದುವೆಯಾಗಿ ಬಂದಾಗಿನಿಂದಲೂ ಅದನ್ನು ಅಬ್ಬಾ ಬಿಟ್ಟು ಬೇರೆ ಯಾರೂ ಮುಟ್ಟಿರಲಿಲ್ಲ. ಈಗ ಅಬ್ಬಾನ ಕೈ ನಡುಗುತ್ತದೆ. ಹಾಗಾಗಿ ಅವರು ಸ್ಟೂಲಿನ ಮೇಲೆ ಕೂತು ಹೇಳುವುದು, ನಾನು ಮಾಡುವುದು.

"ಬನ್ನಿ ಅಮ್ಮಾ, ಕೂತ್ಕೊಳ್ಳಿ," ಎಂದು ಅಬ್ಬಾ ಶಾಂಭವಿ ಅಮ್ಮನಿಗೆ ಕುರ್ಚಿ ತೋರಿಸಿದರು. ಕೂಡಲೇ ಕೆಲಸಕ್ಕೆ ತಿರುಗಿದರು.

ಹಳೇ ಸಾಮಾನಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಇಂಜಿನ್ನಿಗೆ ಕಿಡಿ ಕೊಡಿಸುವ ಪಾಯಿಂಟ್ ಸೆಟ್ ಒಂದೊಂದೇ ಸವರಿ ನೋಡಿದರು. "ಇದು ಜೀಪಿಂದು. ಇದು ಅಂಬಾಸಿಡರ್‌ದು. ಹಾಂ, ಇದು." ಕಂಡೆನ್ಸರನ್ನೂ ರೋಟರನ್ನೂ ಹಾಗೇ ಆರಿಸಿ ಕೊಟ್ಟರು. ಎಲ್ಲ ಸರಿಯಾಗಿ ಕೂತವು. ಮರೆವಂತೆ, ಮರೆವು! ನಾನು ತೌಸೀಫನನ್ನು ದುರುಗುಟ್ಟಿ ನೋಡಿದೆ.

"ಈಗ ಪ್ಲಗ್ಗಿನ ವೈರು," ಎಂದರು ಅಬ್ಬಾ, ಯಾವ ಸಿಲಿಂಡರಿನ ನಂತರ ಯಾವುದಕ್ಕೆ ಕಿಡಿ ಹೋಗಬೇಕೆಂದು ಬೆರಳೆಣಿಸುತ್ತ. "ಒಂದು, ನಾಲ್ಕು, ಮೂರು, ಎರಡು. ಬಲಗಡೆ ಮುಂದಿನದು ಒಂದು, ಅದರ ಹಿಂದಿಂದು ಎರಡು. ಎಡಗಡೆ ಮುಂದಿನದು ಮೂರು."

ಹೇಳಿದಂತೆಯೇ ಸಿಕ್ಕಿಸಿದೆ. ತೌಸೀಫ್ ಒಳಗೆ ಕೂತು ಸೆಲ್ಫ್ ಹೊಡೆದ. ಇಂಜಿನ್ ಕೆಮ್ಮಿತು, ಒದ್ದಾಡಿತು, ಸೈಲೆನ್ಸರಿನಿಂದ ಢಂ ಎಂದು ಬೆಂಕಿ ಉಗುಳಿತು. ಶಾಂಭವಿ ಅಮ್ಮ ಕುರ್ಚಿ ಬಿಟ್ಟು ಎದ್ದರು. ಇನ್ನೊಮ್ಮೆ ಹೊಡೆದ. ಮತ್ತೆ ಢಂ.

"ಸಾಕು ಆಪಾ," ಎಂದು ತೌಸೀಫ್ ಇಳಿದು ಬಂದ. "ಅಬ್ಬಾಗೆ ನಂಬರ್ ಮರ್ತುಹೋಗಿದೆ. ಇಂಜಿನ್ ಹಾಳಾದ್ರೆ ಎಂತ ಮಾಡೂದು?"

ಅಬ್ಬಾ ಮಾತ್ರ ಹಣೆ ಗಂಟಿಕ್ಕಿ ನನ್ನನ್ನೇ ನೋಡುತ್ತಿದ್ದರು. "ಶಾಕಿರಾ, ಒಂದು ಎಲ್ಲಿ ಹಾಕ್ದೆ?"

"ನೀವು ಹೇಳಿದಲ್ಲೇ ಅಬ್ಬಾ. ಮುಂದೆ."

"ಮುಂದೆ ಅಂದ್ರೆ?"

"ಫ್ಯಾನ್ ಕಡೆ."

ಜೀಪು, ಟೆಂಪೋ, ಯಾವುದೇ ಇರಲಿ, ನಮ್ಮ ಗ್ಯಾರೇಜಿನಲ್ಲಿ ಇಂಜಿನ್ನಿನ ಮುಂದೆ ಅಂದರೆ ಫ್ಯಾನ್ ಇರುವ ಕಡೆ. ಹಾಗೆಂದು ಕಲಿಸಿದವರೂ ಇವರೇ.

ಅಬ್ಬಾ ಹೊಟ್ಟೆ ಹಿಡಿದು ನಕ್ಕರು. "ಅಯ್ಯೋ ಹುಚ್ಚಿ! ಇದಕ್ಕೆ ಫ್ಯಾನ್ ಇರೂದೇ ಹಿಂದೆ. ಗಾಡಿ ಮುಖ ಎಲ್ಲಿದೆ ನೋಡು, ಅದು ಮುಂದೆ!"

ನಾಲ್ಕೂ ವೈರು ಹಿಂದುಮುಂದಾಗಿದ್ದವು. ನಾಚಿಕೆಯಾಗಬೇಕಿತ್ತು, ನನಗಾದದ್ದು ಖುಷಿ. ತಪ್ಪಿದ್ದು ನಾನು, ಅಬ್ಬಾ ಅಲ್ಲ. ಬೆರಳು ಸುಟ್ಟರೂ ಲೆಕ್ಕಿಸದೆ ವೈರುಗಳನ್ನು ಅದಲುಬದಲು ಮಾಡಿದೆ. ಸೆಲ್ಫ್ ಹೊಡೆದದ್ದೇ ತಡ, ಇಂಜಿನ್ ಗುಡುಗಿ ಹದಕ್ಕೆ ಬಂತು. ಡಬ್ಬಿಯೊಳಗಿನ ಸಾಮಾನೆಲ್ಲ ಗಡಗಡ ಅಂದವು.

ತೌಸೀಫ್ ಬಂದು ಬೀಗದ ಕೈಯನ್ನು ಅಬ್ಬಾನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿಸಿದ. ಅವನ ಕಣ್ಣು ಒದ್ದೆಯಾಗಿತ್ತು. "ತಪ್ಪಾಯ್ತು ಅಬ್ಬಾ," ಎಂದ.

"ಅರ್ಧ ಆಯಸ್ಸು ನಿಮ್ಮ ಕೈಯಲ್ಲೇ ಓಡ್ತು ಇದು, ರಸೂಲ್ ಸಾಬ್ರೇ," ಎಂದರು ಶಾಂಭವಿ ಅಮ್ಮ, ಬಾನೆಟ್ ಸವರುತ್ತ.

ಅಬ್ಬಾ ಅವರತ್ತ ನೋಡಿ ನಕ್ಕು ತಲೆಯಾಡಿಸಿದರು. ಆಮೇಲೆ ನನ್ನ ಭುಜ ಹಿಡಿದು ಬಗ್ಗಿಸಿ, ಕಿವಿಯ ಹತ್ತಿರ ಕೇಳಿದರು:

"ಗಾಡಿ ಚೊಲೋ ಇದೆ ಮಗಾ. ಯಾರ್ದು ಇದು? ಈ ಅಮ್ಮ ಯಾರು?"

ಇಂಜಿನ್ ಸದ್ದಿನಲ್ಲಿ ಬೇರೆ ಯಾರಿಗೂ ಕೇಳಿಸಲಿಲ್ಲ.

"ಎಂತ ಅಂದ್ರು?" ಎಂದು ತೌಸೀಫ್ ಕೂಗಿದ.

"ಚಾ ಬೇಕಂತೆ," ಎಂದೆ.

ಅವನು ಖುಷಿಯಿಂದ ಹೋಟೆಲಿನತ್ತ ಓಡಿದ. ನಾನು ಅಬ್ಬಾನ ಪಕ್ಕ ಕೂತು, ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬೀಗದ ಕೈಯನ್ನು ತೆಗೆದುಕೊಂಡೆ.