ಹಿಮ್ಮಡಿಯ ಮಂಗಳವಾರಗಳು

ಮಗಳ ಹಿಮ್ಮಡಿಯಲ್ಲಿ ಮೂರು ನರಹುಲಿ ಎದ್ದಾಗ ಒಳಗೊಳಗೇ ಖುಷಿಪಟ್ಟ ತಾಯಿ ಲೋಕದಲ್ಲಿ ಇವಳೊಬ್ಬಳೇ ಇರಬೇಕು. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟು ಮರ್ಯಾದೆ ಉಳಿದಿತ್ತು. ಗಂಡನ ಮನೆ ಬಿಟ್ಟು ಬಂದು ಎರಡು ವರ್ಷವಾಗಿತ್ತು. ಹೊರಡುವಾಗ ಸಿಟ್ಟಿನ ಭರದಲ್ಲಿ, "ಸತ್ತರೂ ನಿಮ್ಮ ಹತ್ತಿರ ಏನೂ ಕೇಳಲ್ಲ" ಅಂದಿದ್ದಳು. ಆ ಮಾತಿಗೆ ಜೋತುಬಿದ್ದ ತಪ್ಪಿಗೆ, ಮಗಳನ್ನು ಕಾಣುವುದು ಶಾಲೆಗೆ ರಜೆ ಬಂದಾಗ ಮಾತ್ರ. ಅದೂ ಅವನಾಗಿಯೇ ಕಳಿಸಿದರೆ.

ಹೀಗಿರುವಾಗ ಆಸ್ಪತ್ರೆಯವರು ಮಕ್ಕಳ ನರಹುಲಿಗೆಂದು ಹೊಸ ಯಂತ್ರವೊಂದನ್ನು ಪರೀಕ್ಷಿಸಲು ಹೊರಟರು, ಮಗಳ ಹೆಸರೂ ಅದಕ್ಕೆ ಸೇರಿತು. ಪೆನ್ನಿನಂಥ ತುದಿ, ಮೂರು ಸೆಕೆಂಡು ಶಾಖ, ಒಳಗಿನ ವೈರಸ್ಸು ಸಾಯಬೇಕು. ಗಂಟು ಪೂರ್ತಿ ಹೋಗುವವರೆಗೆ ಹದಿನೈದು ದಿನಕ್ಕೊಮ್ಮೆ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಬರಬೇಕು, ಹೆತ್ತವರಲ್ಲಿ ಒಬ್ಬರು ಜೊತೆಗಿರಲೇಬೇಕು. ಎರಡು ಗಂಟೆ ಕೂರುವಷ್ಟು ಪುರುಸೊತ್ತು ಅಂಗಡಿ ನಡೆಸುವ ಅಪ್ಪನಿಗಿಲ್ಲ. ಅವನು ಸ್ಕೂಟರಿನಲ್ಲಿ ತಂದು ಮೆಟ್ಟಿಲ ಬಳಿ ಇಳಿಸಿ, ಐದಕ್ಕೆ ಕರೆದೊಯ್ಯುತ್ತಿದ್ದ. ನಡುವಿನ ಹೊತ್ತು ಇವಳದು.

ಎಂಟು ವರ್ಷದ ಆ ಚಿನಕುರಳಿ ಯಂತ್ರಕ್ಕೆ ಗೊಣಗಪ್ಪ ಅಂತ ಹೆಸರಿಟ್ಟಳು. ಗೊಣಗಪ್ಪ ಗುರ್ ಅಂದಾಗ ಅಮ್ಮನ ಮಡಿಲಲ್ಲಿ ಮುಖ ಹುದುಗಿಸುತ್ತಿದ್ದಳು. ಆಮೇಲೆ ಕಾರಿಡಾರಿನ ಬೆಂಚಿನ ಮೇಲೆ ಅಜ್ಜಿಯ ಗೊರಕೆಯ ನಕಲು, ಶಾಲೆಯ ಚಾಡಿ, ಜಡೆ ಹೆಣೆಸಿಕೊಳ್ಳುವುದು. ಹೆಣೆದ ಜಡೆಯನ್ನು ಇವಳು ಐದಾಗುವವರೆಗೆ ಮತ್ತೆ ಮತ್ತೆ ಬಿಚ್ಚುತ್ತಿದ್ದಳು.

ನಾಲ್ಕನೇ ಭೇಟಿಗೆ ಎರಡು ಗಂಟು ಮಾಯವಾದವು. ಮೂರನೆಯದು ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ವೈದ್ಯೆ ಎರಡೂ ಬದಿಯಿಂದ ಹಿಂಡಿ "ನೋಯುತ್ತಾ?" ಎಂದಾಗಲೆಲ್ಲ ಹುಡುಗಿ "ಹೂಂ" ಅನ್ನುತ್ತಿದ್ದಳು. ನೋವಿದ್ದರೆ ಇನ್ನೂ ಉಳಿದಿದೆ ಎಂದರ್ಥ. ಮತ್ತೆ ಗೊಣಗಪ್ಪ, ಮತ್ತೊಂದು ಮಂಗಳವಾರ.

ಏಳನೇ ಭೇಟಿಯಲ್ಲಿ, ವೈದ್ಯೆ ಇನ್ನೂ ಕೈ ತೊಳೆಯುತ್ತಿದ್ದಾಗ, ಇವಳ ಹೆಬ್ಬೆರಳು ಆ ಜಾಗದ ಮೇಲೆ ಹಾಯಿತು. ಗಾರ್ಮೆಂಟ್ ಕಾರ್ಖಾನೆಯಲ್ಲಿ ಸಿದ್ಧವಾದ ಅಂಗಿಗಳನ್ನು ತಪಾಸಣೆ ಮಾಡುವ ಬೆರಳು ಅದು. ಬಿಟ್ಟುಹೋದ ಹೊಲಿಗೆ ಕಣ್ಣು ಮುಚ್ಚಿದರೂ ಅದಕ್ಕೆ ತಿಳಿಯುತ್ತದೆ. ಗಂಟಿದ್ದ ಕಡೆ ಚರ್ಮದ ಗೆರೆಗಳು ತುಂಡಾಗುತ್ತವೆಂದು ವೈದ್ಯೆ ಮೊದಲ ದಿನವೇ ತೋರಿಸಿದ್ದರು. ಈಗ ಒಣಸಿಪ್ಪೆಯ ಅಂಚಿನಡಿ ಗೆರೆಗಳು ಸಲೀಸಾಗಿ ಹಾದುಹೋಗಿದ್ದವು. ಜೋರಾಗಿ ಹಿಂಡಿದಳು. ಮಗಳು ಕಿಟಕಿಯಾಚೆಯ ಪಾರಿವಾಳ ನೋಡುತ್ತಿದ್ದವಳು ಮಿಸುಕಲೇ ಇಲ್ಲ.

ವೈದ್ಯೆ ಬಂದು ಹಿಂಡಿದರು. "ನೋಯುತ್ತಾ ಪುಟ್ಟಾ?"

"ಹೂಂ. ತುಂಬಾ."

ಎಷ್ಟು ಮಂಗಳವಾರದಿಂದ ಈ ಸುಳ್ಳು, ಅದಕ್ಕೆಷ್ಟು ಸುಡಿಸಿಕೊಂಡಿದೆ ಮಗು? ಸುಮ್ಮನಿದ್ದರೆ ಇನ್ನೊಂದು ಮಂಗಳವಾರ ಸಿಗುತ್ತದೆ. ಇವಳಿಗೂ ಅದು ಬೇಕಿತ್ತು, ನಾಚಿಕೆಬಿಟ್ಟು ಬೇಕಿತ್ತು.

"ಮಕ್ಕಳು ಹೇಳಿದ್ದನ್ನೇ ನಾವು ಬರ್ಕೊಳ್ಳೋದು," ವೈದ್ಯೆ ಯಂತ್ರದ ತುದಿ ಒರೆಸುತ್ತ ಅಂದರು. "ಇದನ್ನ ನಂಬಿ ನಾಳೆ ಬೇರೆ ಮಕ್ಕಳಿಗೂ ಇಷ್ಟೇ ಸಲ ಶಾಖ ಕೊಡ್ತೀವಿ."

ಗುರ್ ಸದ್ದು ಶುರುವಾಯಿತು. ಮಗಳು ಹಲ್ಲು ಕಚ್ಚಿಕೊಂಡಳು.

"ಬೇಡಿ ಡಾಕ್ಟ್ರೇ. ವಾಸಿಯಾಗಿದೆ. ಗೆರೆ ಕೂಡಿದೆ, ನೋಡಿ."

ವೈದ್ಯೆ ಸಿಪ್ಪೆ ಬಿಡಿಸಿ ಭೂತಗನ್ನಡಿ ಹಿಡಿದರು. ಹೌದು, ಪೂರ್ತಿ ಹೋಗಿತ್ತು. ಕಡತ ಮುಚ್ಚಿದರು. ಮಗಳು ಕಾಲು ಎಳೆದುಕೊಂಡಳು.

"ಹೇಳು ಅಂತ ನಿಂಗ್ಯಾರು ಅಂದ್ರು?"

ಐದರವರೆಗೂ ಬೆಂಚಿನ ಇನ್ನೊಂದು ತುದಿಗೆ ಸರಿದು ಕೂತಳು. ಜಡೆಗೂ ತಲೆ ಕೊಡಲಿಲ್ಲ.

"ಮುಗೀತಾ?" ಮೆಟ್ಟಿಲ ಬಳಿ ಅಪ್ಪ ಕೇಳಿದ.

"ಮುಗೀತು." ಇವಳು ಎರಡು ವರ್ಷದ ಹಠವನ್ನು ನುಂಗಿಕೊಂಡಳು. "ಒಂದು ಕೇಳ್ತೀನಿ. ಕಾಲಲ್ಲಿ ಏನೂ ಇಲ್ದಿದ್ರೂ ಮಂಗಳವಾರ ಅವಳನ್ನ ಕಳಿಸ್ತೀರಾ?"

ಅವನು ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಂಡ. "ನೋಡೋಣ."

ಇಲ್ಲ ಅನ್ನಲಾರದವರೂ ಆಡುವ ಮಾತು ಅದು, ಹೂಂ ಅನ್ನಲಾರದವರೂ ಆಡುವ ಮಾತು. ಇವನು ಯಾವ ಪೈಕಿಯೋ ಇವಳಿಗೆ ತಿಳಿಯಲಿಲ್ಲ.

ಹಿಂದಿನ ಸೀಟಿನಲ್ಲಿ ಕೂತ ಮಗಳು ಚಪ್ಪಲಿ ಕಳಚಿ ಕಾಲು ಚಾಚಿದಳು. "ಅಮ್ಮಾ, ಇನ್ನೊಂದ್ಸಲ ನೋಡು. ನಿಜವಾಗ್ಲೂ ಹೋಗಿದ್ಯಾ?"

ಇವಳು ಹಿಮ್ಮಡಿಯನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಾಡಿಸಿದಳು. "ಹೋಗಿದೆ ಕಣೇ," ಎಂದಳು. ಬೆರಳು ಮಾತ್ರ ತೆಗೆಯಲಿಲ್ಲ. ಅವನೂ ಕೀಲಿ ತಿರುಗಿಸದೆ ಕಾಯುತ್ತ ಕೂತಿದ್ದ.