ಮೇನ್ ಸ್ವಿಚ್

ಉಕ್ಕಿನ ಗುಂಡು ಸರ್ರನೆ ಕೆಳಗೆ ಬಂತು. ರಂಗಪ್ಪ ಗಾಬರಿಯಲ್ಲಿ ಎರಡೂ ಬದಿಯ ಬಟನ್‌ಗಳನ್ನು ಒಟ್ಟಿಗೇ ಒತ್ತಿದ. ಗಾಜಿನಡಿಯ ಎರಡು ಪುಟ್ಟ ರೆಕ್ಕೆಗಳು ಟಪ್ಪೆಂದು ಎದ್ದವು, ಗುಂಡು ಅವುಗಳ ನಡುವಿನ ಸಂದಿಯಲ್ಲಿ ನುಸುಳಿ ಮಾಯವಾಯಿತು.

"ಇದೇನೇ ಮಾರಾಯ್ತಿ, ನಂಗೇ ಟೋಪಿ ಹಾಕ್ತಲ್ಲ!" ಎಂದು ಪಕ್ಕದಲ್ಲಿ ನಿಂತಿದ್ದ ಹೆಂಡತಿ ಮಾಸ್ತಮ್ಮನತ್ತ ತಿರುಗಿದ.

"ನಿಮಗೆ ಮಷಿನ್ ಅಂದ್ರೆ ನೀರು ಕುಡಿದ ಹಾಗೆ ಅಂತಿದ್ರಿ," ಎಂದಳು ಅವಳು.

ಶಿವಮೊಗ್ಗದ ಮಾಲೊಂದರ ಮೂರನೇ ಮಹಡಿಯ ಗೇಮ್ ಝೋನ್ ಅದು. ಮಗಳು ರಂಜಿನಿ ಅಲ್ಲಿ ಫ್ಲೋರ್ ಸೂಪರ್‌ವೈಸರ್ ಆಗಿ ಸೇರಿ ಮೂರು ವಾರವಾಗಿತ್ತು. ಭಾನುವಾರ ಭದ್ರಾವತಿಯಿಂದ ಅಪ್ಪ ಅಮ್ಮನನ್ನು ಕರೆಸಿ, ಮಾಲೀಕರಿಗೆ ಪರಿಚಯ ಮಾಡಿಸಿ, ಅಪ್ಪನನ್ನು ಹೊಸ ಪಿನ್‌ಬಾಲ್ ಮಷಿನ್ ಮುಂದೆ ನಿಲ್ಲಿಸಿದ್ದಳು. "ಗುಂಡು ಕೆಳಗೆ ಬೀಳದ ಹಾಗೆ ನೋಡ್ಕೋ ಅಪ್ಪಾ, ಅಷ್ಟೇ ಆಟ," ಎಂದು ಹೇಳಿ ಕೌಂಟರಿಗೆ ಹೋಗಿದ್ದಳು.

ಮೂವತ್ತೆರಡು ವರ್ಷ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನಿಗೆ ಇದು ಮಕ್ಕಳ ಸಾಮಾನಿನಂತೆ ಕಂಡಿತ್ತು. ನಾಲ್ಕು ಕಾಲು, ಸ್ವಲ್ಪ ಇಳಿಜಾರು, ಒಂದು ಸ್ಪ್ರಿಂಗು. ಆದರೆ ಎರಡನೇ ಗುಂಡನ್ನು ಬಿಟ್ಟಮೇಲೆ ಆಟವೇ ಬೇರೆಯಾಯಿತು. ರೆಕ್ಕೆ ಗುಂಡಿಗೆ ಬಡಿದ ಪೆಟ್ಟು ಅವನ ಮಣಿಕಟ್ಟಿಗೆ ತಾಗಿತು. ಗುಂಡು ತಂತಿಯ ದಾರಿ ಹತ್ತಿ ಸುತ್ತು ಹೊಡೆದು ಇನ್ನೊಂದು ಕಡೆ ಇಳಿಯಿತು. ನಡುವೆ ಒಂದು ಕಡೆ ಏನೂ ಇಲ್ಲದೆ ಗಕ್ಕನೆ ನಿಂತುಬಿಟ್ಟಿತು. "ಮ್ಯಾಗ್ನೆಟ್ ಕಣೇ ಅದು, ಅಡಿಯಲ್ಲಿ ಇಟ್ಟಿದಾರೆ ಕಳ್ಳರು!" ಎಂದ. ಯಾರೋ ಗಂಡಸು ಮಷಿನ್ ಒಳಗಿಂದ ಇಂಗ್ಲಿಷಿನಲ್ಲಿ ಅವನನ್ನೇ ಬೈದಂತಾಯಿತು. ಪರದೆಯ ಮೇಲೆ ಅಂಕಗಳು ಲಕ್ಷಗಟ್ಟಲೆ ಏರಿದವು. ಅರವತ್ತೊಂದರ ಮನುಷ್ಯ ಬಾಯಿ ಬಿಟ್ಟುಕೊಂಡು ನಗುತ್ತಿದ್ದ.

ಗುಂಡು ಮತ್ತೆ ನೇರ ನಡುವಿನ ಸಂದಿಗೇ ಇಳಿಯಿತು. ರಂಗಪ್ಪ ತಡೆಯಲಾರದೆ ಸೊಂಟದಿಂದ ಮಷಿನ್ನಿಗೆ ಒಂದು ಗುದ್ದು ಕೊಟ್ಟ. ಗುಂಡು ಪಕ್ಕಕ್ಕೆ ಸರಿದು ಉಳಿದುಕೊಂಡಿತು. ಅಷ್ಟರಲ್ಲಿ ಪರದೆಯ ತುಂಬ ಕೆಂಪಕ್ಷರ ಹೊಳೆಯಿತು: ಡೇಂಜರ್.

ಅವನಿಗೆ ಬರುತ್ತಿದ್ದ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಈ ಪದವನ್ನು ತಲೆಬುರುಡೆಯ ಚಿತ್ರದ ಜೊತೆ ದಿನಾ ಓದಿದವನು ಅವನು. ಅದು ಹೊಳೆದರೆ ಏನು ಮಾಡಬೇಕೆಂದು ಯೋಚಿಸುವ ಅಭ್ಯಾಸವೇ ಅವನ ಕೈಗೆ ಇರಲಿಲ್ಲ. ಹೆಂಡತಿಯನ್ನು ಹಿಂದಕ್ಕೆ ತಳ್ಳಿ, ನಾಲ್ಕೇ ಹೆಜ್ಜೆಯಲ್ಲಿ ಗೋಡೆ ಮುಟ್ಟಿ, ಮೇನ್ ಸ್ವಿಚ್ ಕೆಳಕ್ಕೆಳೆದ.

ಇಡೀ ಮಹಡಿ ಕತ್ತಲಾಯಿತು. ಕಾರು, ಬೈಕು, ಬಂದೂಕು, ಎಲ್ಲ ಆಟಗಳೂ ಒಟ್ಟಿಗೆ ಬಾಯಿ ಮುಚ್ಚಿದವು. ಎಲ್ಲೋ ಮಕ್ಕಳು ಕಿರುಚಿದವು.

ರಂಗಪ್ಪ ಮಷಿನ್ ಹತ್ತಿರ ವಾಪಸು ಬಂದು ಅದನ್ನು ಮುಟ್ಟಿ ನೋಡಿದ. ಎದೆ ಉಬ್ಬಿತ್ತು. ಯಾರಾದರೂ ಬರಲಿ, ಹೇಳೋಣ ಎಂದುಕೊಂಡ. ಪಕ್ಕದ ಮಷಿನ್ನಿನಲ್ಲಿ ಆಡುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ಅವನು ಹೆದರಿದ್ದಾನೆಂದು ತಿಳಿದು ಸಮಾಧಾನ ಹೇಳಿದಳು.

"ನಿಮ್ಮಿಂದ ಅಲ್ಲ ಅಂಕಲ್, ಕರೆಂಟ್ ಹೋಗಿದೆ ಅಷ್ಟೆ. ಡೇಂಜರ್ ಅಂತ ಬಂದ್ರೆ ಮಷಿನ್ ಅಲ್ಲಾಡಿಸ್ಬೇಡಿ ಅಂತ ಅರ್ಥ. ಅದೂ ಆಟದ ರೂಲೇ."

ರಂಗಪ್ಪನ ಕಿವಿ ಬಿಸಿಯಾಯಿತು. ಆಟದ ಸಾಮಾನಿಗೆ ಹೆದರಿ ಮೇನ್ ಇಳಿಸಿದ ಫಿಟ್ಟರ್!

ಮಾಲೀಕ ಚಂದ್ರಹಾಸ ಮೊಬೈಲ್ ಟಾರ್ಚ್ ಹಿಡಿದು ಬಂದರು, ಹಿಂದೆ ರಂಜಿನಿ. "ಭಾನುವಾರ ಮಧ್ಯಾಹ್ನ ಹಿಂಗಾದ್ರೆ ಹೆಂಗೆ ರಂಜಿನಿ? ನಿಮ್ಮ ಫ್ಲೋರ್ ಇದು. ಕೆಳಗೆಲ್ಲ ಕರೆಂಟ್ ಇದೆ. ಮೇನ್ ಆಫ್ ಮಾಡಿದ್ದು ಯಾರು?"

ಟಾರ್ಚ್ ಗೋಡೆಯತ್ತ ಹೊರಳಿತು. ಗಂಡನ ಹಿಂದೆ ಓಡಿಹೋಗಿದ್ದ ಮಾಸ್ತಮ್ಮ ಸ್ವಿಚ್ ಕೆಳಗೇ ನಿಂತಿದ್ದಳು. ನಾನೇ ಎಂದರೆ ಎರಡೇ ಅಕ್ಷರ. ರಂಗಪ್ಪ ಓರೆಗಣ್ಣಲ್ಲಿ ನೋಡಿದ. ಆ ಕಾಲೇಜು ಹುಡುಗಿ ಇನ್ನೂ ಪಕ್ಕದಲ್ಲೇ ಇದ್ದಳು.

ಮಾಸ್ತಮ್ಮ ಗಂಡನನ್ನು ಒಂದು ಸಲ ನೋಡಿದಳು.

"ನಂದೇ ತಪ್ಪು ಸ್ವಾಮಿ. ಗೊತ್ತಾಗದೆ ಕೈ ಹಾಕ್ಬಿಟ್ಟೆ."

"ಪಕ್ಕದಲ್ಲೇ ಬೋರ್ಡ್ ಇದೆಯಲ್ಲಮ್ಮ, ಕನ್ನಡದಲ್ಲೇ ಇದೆ. ಓದೋಕೆ ಬರಲ್ವಾ?"

"ಬರಲ್ಲ," ಎಂದಳು ಮಾಸ್ತಮ್ಮ.

ರಂಜಿನಿ ತಟ್ಟನೆ ತಲೆಯೆತ್ತಿದಳು. ಇಪ್ಪತ್ತಾರು ವರ್ಷ ಭದ್ರಾವತಿಯ ಅಂಗನವಾಡಿಯಲ್ಲಿ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದವಳು ಅವಳಮ್ಮ. ಸಂತೆಗೆ ಹೋದರೆ ಮೀಸೆ ಬಂದ ಗಂಡಸರು ಈಗಲೂ ಟೀಚರಮ್ಮಾ ಎಂದು ಅವಳ ಚೀಲ ಇಸಿದುಕೊಳ್ಳುತ್ತಿದ್ದರು. ರಂಜಿನಿ ಅಮ್ಮನನ್ನು ನೋಡಿದಳು, ಆಮೇಲೆ ನಿಧಾನವಾಗಿ ಅಪ್ಪನನ್ನು ನೋಡಿದಳು. ಆ ನೋಟಕ್ಕೆ ರಂಗಪ್ಪನ ಜೀವ ಹಿಡಿಯಷ್ಟಾಯಿತು. ನೆಲ ನೋಡುತ್ತ ನಿಂತ.

ಚಂದ್ರಹಾಸರು ಸ್ವಿಚ್ ಮೇಲೆತ್ತಿದರು. ದೀಪಗಳು ಹತ್ತಿ, ಆಟಗಳೆಲ್ಲ ಒಂದೊಂದಾಗಿ ಕೂಗತೊಡಗಿದವು. ಅವರೇನೂ ಕೆಟ್ಟವರಲ್ಲ. ವಯಸ್ಸಾದ ಹೆಂಗಸನ್ನು ಗದರಿದೆನೆಂದು ಅವರಿಗೂ ಕಸಿವಿಸಿಯಾಗಿತ್ತು.

"ಇರ್ಲಿ ಬಿಡಿ. ಓದೋದು ಕಲಿಯೋಕೆ ವಯಸ್ಸೇನಮ್ಮ? ಬನ್ನಿ, ನಾನು ಹೇಳ್ಕೊಡ್ತೀನಿ. ಎರಡು ನಿಮಿಷದ ಕೆಲಸ," ಎಂದು ನಗುತ್ತ ಬೋರ್ಡಿನ ಮೇಲೆ ಬೆರಳಿಟ್ಟರು. "ಹೇಳಿ, ಮು..."

"ಮು," ಎಂದಳು ಮಾಸ್ತಮ್ಮ.

"ಟ್ಟ..."

"ಟ್ಟ."

"ಸಾರ್," ಎಂದ ರಂಗಪ್ಪ.

ಚಂದ್ರಹಾಸರು ತಿರುಗಿದರು. ರಂಜಿನಿಯೂ ಅಪ್ಪನ ಬಾಯಿಯನ್ನೇ ನೋಡಿದಳು.

"ಏನು ಹೇಳಿ?"

"ಏನಿಲ್ಲ ಸಾರ್. ಕರೆಂಟ್ ಬಂತಲ್ಲ ಅಂದೆ."

ಅವರು ಮತ್ತೆ ಬೋರ್ಡಿನ ಕಡೆ ತಿರುಗಿದರು. ಅಷ್ಟರಲ್ಲಿ ಮಾಸ್ತಮ್ಮನ ತೋರುಬೆರಳು ಅಭ್ಯಾಸಬಲದಿಂದ ತಾನಾಗಿಯೇ ಮುಂದಿನ ಅಕ್ಷರದ ಅಡಿಗೆ ಹೋಗಿ ನಿಂತಿತ್ತು. ಅದನ್ನು ಕಂಡು ಅವಳು ಬೆರಳನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ಅವರು ಹೇಳಿಕೊಡುವವರೆಗೆ ಕಾದಳು.