ಚೆಲ್ಲಿಹೋದ ಮೇಲಿನ ನೀರು

ಮೂರನೇ ಸಲವೂ ಏನೂ ಬರಲಿಲ್ಲ. ಪರದೆಯ ಮೇಲಿನ ಗೆರೆ ತಳಕ್ಕೆ ಅಂಟಿಕೊಂಡು ಮಲಗಿಯೇ ಇತ್ತು. ಸಿಡುಬಿನ ವಂಶದ್ದೇ ಆದರೂ ಲಸಿಕೆಗೆಂದು ಪಳಗಿಸಿದ ಒಂದು ಸಾಧು ವೈರಸ್, ಜೀವಕೋಶದೊಳಗೆ ನುಗ್ಗಿದ ಮೇಲೆ ಎಷ್ಟು ಬೇಗ ತನ್ನ ಎಂಆರ್‌ಎನ್‌ಎ ತಯಾರಿಸುತ್ತದೆ ಎಂದು ನಾನು ಅಳೆಯಬೇಕಿತ್ತು. ಎಂಆರ್‌ಎನ್‌ಎ ಎಂದರೆ ಪ್ರೋಟೀನ್ ಮಾಡಲು ಹೊರಡುವ ಹುಕುಂ. ಒಂದೇ ಒಂದು ಹುಕುಮೂ ಸಿಗಲಿಲ್ಲ. ಲ್ಯಾಬಿನ ಮುಖ್ಯಸ್ಥೆ ಮೇಡಂ ಕೇಳಿದಾಗ ನನ್ನ ಬಾಯಿ ನನಗಿಂತ ಮುಂದೆ ಓಡಿತು.

"ವೈರಸ್ಸೇ ಸತ್ತಿರ್ಬೇಕು ಮೇಡಂ. ಸ್ಟಾಕ್ ಸರಿಯಿಲ್ಲ."

ಸ್ಟಾಕ್ ಅಂದರೆ ಫ್ರೀಜರಿನಲ್ಲಿಟ್ಟ ವೈರಸ್ ದಾಸ್ತಾನು; ಅದನ್ನು ಬೆಳೆಸಿದವರು ಲ್ಯಾಬಿನ ಟೆಕ್ನಿಷಿಯನ್ ಅಕ್ಕ. ಎರಡು ತಿಂಗಳ ದುಡಿಮೆ. ಹೋದ ವಾರ ಫ್ರೀಜರ್ ಅರ್ಧ ದಿನ ಕೆಟ್ಟು ನಿಂತಿದ್ದರಿಂದ ನನ್ನ ಮಾತು ನಂಬುವ ಹಾಗೂ ಇತ್ತು. ಅಕ್ಕನದು ವರ್ಷ ವರ್ಷವೂ ಮುಂದುವರಿಸಬೇಕಾದ ನೌಕರಿ. ಆ ಕಾಗದ ಮೇಡಂ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು. ಮೇಡಂ ಅದನ್ನು ಪಕ್ಕಕ್ಕೆ ಸರಿಸಿದರು.

"ಹಾಗಾದ್ರೆ ಸ್ಟಾಕೆಲ್ಲ ಇವತ್ತೇ ಬೇಯಿಸಿ ಬಿಸಾಕೋಕೆ ಹೇಳು. ಇದನ್ನ ಆಮೇಲೆ ನೋಡೋಣ."

ನಾನು ಹೋಗಿ ಹೇಳಿದೆ. ಅಕ್ಕ ಟ್ಯೂಬುಗಳನ್ನು ಒಂದೊಂದಾಗಿ ಕೆಂಪು ಚೀಲಕ್ಕೆ ಹಾಕತೊಡಗಿದರು. ಅರ್ಧಕ್ಕೆ ನಿಲ್ಲಿಸಿ ನನ್ನ ಕಡೆ ತಿರುಗಿದರು. ನನ್ನ ಅವಸರ ನೋಡಿ ಅವರು ಇಟ್ಟ ಅಡ್ಡಹೆಸರು ರೈಲು.

"ರೈಲೇ, ಒಂದ್ನಿಮಿಷ ಸ್ಟೇಷನ್ನಲ್ಲಿ ನಿಲ್ಲು. ಏನೇನ್ ಮಾಡ್ದೆ, ಮೊದಲಿಂದ ಹೇಳು."

"ಎಲ್ಲಾ ಮಾಮೂಲಿ ಅಕ್ಕ. ಕೋಶ ಒಡೆದೆ, ಯಂತ್ರದಲ್ಲಿಟ್ಟು ಗಿರಗಿರ ತಿರುಗಿಸಿದೆ. ನ್ಯೂಕ್ಲಿಯಸ್ಸೆಲ್ಲ ತಳದಲ್ಲಿ ಕೂತ್ಕೊಳ್ತು. ಮೇಲಿನ ನೀರು ಚೆಲ್ಲಿ..."

"ಏನ್ ಚೆಲ್ದೆ?"

"ಮೇಲಿನ ನೀರು."

ಅಕ್ಕ ಸ್ಟೂಲಿನ ಮೇಲೆ ಕುಸಿದು ಕುಳಿತರು. "ಯಾರು ಹೇಳ್ಕೊಟ್ರು ಇದನ್ನ?"

"ಹಳೇ ಲ್ಯಾಬಲ್ಲಿ ಹರ್ಪಿಸ್ ವೈರಸ್‌ಗೆ ಹೀಗೇ ಮಾಡ್ತಿದ್ವಿ. ಅದು ನ್ಯೂಕ್ಲಿಯಸ್ ಒಳಗೇ ಹೋಗಿ..." ಹೇಳುತ್ತಿದ್ದಂತೆ ತಪ್ಪು ನನಗೇ ಹೊಳೆಯಿತು.

"ಈ ವೈರಸ್ ನ್ಯೂಕ್ಲಿಯಸ್ಸಿನ ಹೊಸ್ತಿಲೂ ತುಳಿಯಲ್ಲ! ಬರ್ತಾನೇ ಪಾತ್ರೆಪಗಡ ಹೊತ್ಕೊಂಡು ಬರುತ್ತೆ. ಎಂಆರ್‌ಎನ್‌ಎ ಬರೆಯೋ ಕಿಣ್ವ, ತಲೆಗೆ ಟೋಪಿ ಹಾಕೋ ಕಿಣ್ವ, ಬಾಲ ಅಂಟಿಸೋ ಕಿಣ್ವ, ಎಲ್ಲಾ ಸ್ವಂತದ್ದು. ಆ ಟೋಪಿ ನೋಡಿ ಕೋಶ ನಮ್ಮೋರೇ ಅಂದ್ಕೊಂಡು ಹೇಳಿದ್ದೆಲ್ಲ ಮಾಡ್ಕೊಡುತ್ತೆ. ಈ ಕಾರುಬಾರೆಲ್ಲ ನಡೆಯೋದು ನ್ಯೂಕ್ಲಿಯಸ್ಸಿನ ಹೊರಗೆ, ಕೋಶದ ರಸದಲ್ಲಿ. ಅದೇ ನಿನ್ನ ಮೇಲಿನ ನೀರು. ಅದನ್ನೇ ನೀನು ಮೂರು ಸಲ ಬ್ಲೀಚಿಗೆ ಸುರಿದೆ."

ಇದೆಲ್ಲ ನನಗೆ ಗೊತ್ತಿತ್ತು! ಸಂದರ್ಶನದ ದಿನ ಬೋರ್ಡಿನ ಮೇಲೆ ಚಿತ್ರ ಬಿಡಿಸಿ ವಿವರಿಸಿದ್ದೆ. ಆದರೆ ಕೈಗೆ ಎರಡು ವರ್ಷದ ಹಳೇ ಅಭ್ಯಾಸ. ಅದು ತಲೆಯನ್ನು ಕೇಳಿರಲೇ ಇಲ್ಲ.

ನನ್ನ ಮುಖ ನೋಡಿ ಅಕ್ಕ ದನಿ ತಗ್ಗಿಸಿದರು. "ಹೋಗ್ಲಿ ಬಿಡು. ನಾಲ್ಕು ಟ್ಯೂಬ್ ಎತ್ತಿಡ್ತೀನಿ, ಸದ್ದಿಲ್ದೆ ಇನ್ನೊಂದ್ಸಲ ಮಾಡು. ಮೇಡಂಗೆ ಈಗ್ಲೇ ಹೇಳ್ಬೇಡ. ಬಂದು ತಿಂಗಳೂ ಆಗಿಲ್ಲ ನಿಂಗೆ."

ಅವರ ಕಾಗದ ಅಲ್ಲಿ ಪಕ್ಕಕ್ಕೆ ಬಿದ್ದಿತ್ತು. ಇಲ್ಲಿ ಅವರು ನನ್ನ ಚಿಂತೆ ಮಾಡುತ್ತಿದ್ದರು. ಚೀಲವನ್ನು ಅವರ ಕೈಯಿಂದ ಕಿತ್ತುಕೊಂಡೇ ಮೇಡಂ ಕೋಣೆಗೆ ಓಡಿದೆ.

"ಮೇಡಂ, ಸ್ಟಾಕ್ ಚೆನ್ನಾಗೇ ಇದೆ. ತಪ್ಪು ನಂದು. ರಸ ಚೆಲ್ಲಿ ನ್ಯೂಕ್ಲಿಯಸ್ ಇಟ್ಕೊಂಡೆ."

"ಮೂರು ಸಲಾನೂ?"

"ಮೂರೂ."

ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವರು ಕಾಗದ ಎಳೆದು, ಸಹಿ ಹಾಕಿ, ನನ್ನ ಕಡೆ ಚಾಚಿದರು. "ನೀನೇ ಕೊಟ್ಟು ಬಾ. ಕ್ಷಮೆ ಕೇಳ್ಬೇಕಾಗಿರೋದೂ ಅಲ್ಲೇ."

ಅಕ್ಕ ಕಾಗದವನ್ನು ಎರಡು ಸಲ ಓದಿ, ಮಡಚಿ ಕೋಟಿನ ಜೇಬಿಗೆ ಇಟ್ಟುಕೊಂಡರು. ನಗಲಿಲ್ಲ.

"ಅನುಮಾನ ಬಂದಾಗ ಮೊದ್ಲು ನನ್ನ ಕೇಳ್ಬಾರ್ದಿತ್ತಾ?"

"ತಪ್ಪಾಯ್ತಕ್ಕ."

ಅಕ್ಕ ಗ್ಲೌಸಿನ ಡಬ್ಬ ನನ್ನ ಕಡೆ ತಳ್ಳಿ, ಇನ್ನೊಂದು ಸ್ಟೂಲನ್ನು ಕಾಲಿನಿಂದಲೇ ಎಳೆದು ತಮ್ಮ ಪಕ್ಕಕ್ಕೆ ಹಾಕಿದರು.

"ಕೂತ್ಕೋ. ನಿಧಾನಕ್ಕೆ ಮಾಡೋಣ."